ಹಳೆಯ ಹಾರ್ನ್ ಸ್ಪೀಕರಿನ ಧ್ವನಿಶುದ್ಧಿ

ರೇಡಿಯೋ ಪೆಟ್ಟಿಗೆಯ ಒಳಗೇ ಸ್ಪೀಕರು ಅಡಗಿರುವುದು ನಮಗೆಲ್ಲ ರೂಢಿ. ರೇಡಿಯೋವಿನ ಬಾಲ್ಯದಲ್ಲಿ ಹಾಗಿರಲಿಲ್ಲ. 1920ರ ದಶಕದಲ್ಲಿ ಅನುಕೂಲಸ್ಥರ ಮನೆಯ ಮೇಜಿನ ಮೇಲೆ ಸೆಟ್ಟು ಒಂದು ಕಡೆ ಇದ್ದರೆ, ಅದರ ಪಕ್ಕದಲ್ಲಿ ಹಂಸದ ಕೊರಳಿನಂತೆ ಬಾಗಿದ ಹಾರ್ನೊಂದು ಬೇರೆಯಾಗಿ ನಿಂತಿರುತ್ತಿತ್ತು. ಇಂಗ್ಲೆಂಡಿನ ಆಂಪ್ಲಿಯಾನ್, ಅಮೆರಿಕದ ಮ್ಯಾಗ್ನವಾಕ್ಸ್ ಮುಂತಾದವು ಆ ಕಾಲದ ಹೆಸರಾದ ಹಾರ್ನುಗಳು. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಕಾಗದದ ಶಂಕುವಿನ ಸ್ಪೀಕರನ್ನು ಪ್ರಕಟಪಡಿಸಿದರು. ಅದು ಅಗ್ಗ, ಅಡಕ, ಸೆಟ್ಟಿನೊಳಗೇ ಕೂರಬಲ್ಲದು. ಕೆಲವೇ ವರ್ಷಗಳಲ್ಲಿ ಹಾರ್ನು ಮನೆಯಿಂದ ಹೊರಬಿತ್ತು.

ಹೊರಬಿದ್ದದ್ದು ಚಿತ್ರಮಂದಿರವನ್ನು ಸೇರಿತು. 1926ನೆಯ ಇಸವಿ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ‘ಡಾನ್ ವಾನ್’ ಚಿತ್ರವನ್ನು ವೈಟಾಫೋನ್ ಧ್ವನಿಯೊಂದಿಗೆ ತೋರಿಸಿದಾಗ ಸಭಾಂಗಣವನ್ನು ತುಂಬಿದ್ದು ಹಾರ್ನುಗಳ ದನಿಯೇ. ಅವುಗಳ ಬುಡದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ 555 ಎಂಬ ಘಟಕವನ್ನು ಬೆಲ್ ಪ್ರಯೋಗಶಾಲೆಯ ವೆಂಟೆ ಮತ್ತು ಥುರಾಸ್ ರೂಪಿಸಿದ್ದರು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದ 1934ರ ಹೊತ್ತಿಗೆ ಹಾರ್ನು ಜಗತ್ತಿನ ಚಿತ್ರಮಂದಿರಗಳ ಸಾಮಾನ್ಯ ಸಲಕರಣೆಯಾಗಿತ್ತು. ಕಾರಣ ಸರಳವಾದದ್ದು. ಅಂದಿನ ವಾಲ್ವಿನ ಆಂಪ್ಲಿಫೈಯರುಗಳಿಗೆ ಬಲ ಕಡಿಮೆ. ಸಾಧಾರಣ ಶಂಕುವಿನ ಸ್ಪೀಕರು ನೂರು ಪಾಲು ವಿದ್ಯುತ್ತಿನಲ್ಲಿ ಒಂದೆರಡು ಪಾಲನ್ನು ಮಾತ್ರ ಧ್ವನಿಯಾಗಿ ಕೊಟ್ಟರೆ, ಒಳ್ಳೆಯ ಹಾರ್ನು ಇಪ್ಪತ್ತು ಪಾಲಿಗೂ ಮೀರಿ ಕೊಡುತ್ತಿತ್ತು.

ಈಗ ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿವೆ. ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆ 1940ರ ದಶಕದಿಂದ ಮಾಡಿದ ‘ವಾಯ್ಸ್ ಆಫ್ ದ ಥಿಯೇಟರ್’ ಸಾಲಿನ ಸ್ಪೀಕರುಗಳೂ ಅಂಥ ಇತರ ಹಾರ್ನುಗಳೂ ಅನೇಕ ದೇಶಗಳಲ್ಲಿ ಸಂಗೀತಪ್ರಿಯರ ಮನೆಗಳನ್ನು ಸೇರಿವೆ. ಮನೆಗೆ ತಂದವರು ಮೊದಲ ದಿನ ಬೆರಗಾಗುತ್ತಾರೆ. ಹಾಡುವವರು ಎದುರಿಗೇ ಕುಳಿತಂತೆ ದನಿ ಜೀವಂತವಾಗಿರುತ್ತದೆ. ಒಂದು ವಾರ ಕಳೆದ ಮೇಲೆ ದೂರು ಶುರುವಾಗುತ್ತದೆ: “ಜೋರಾಗಿದೆ, ಸ್ಪಷ್ಟವಾಗಿದೆ, ಆದರೆ ಎಲ್ಲರೂ ತಗಡಿನ ಕೊಳವೆಯಿಂದ ಮಾತನಾಡಿದ ಹಾಗಿದೆ.” ಈ ದೋಷಕ್ಕೆ ಇಂಗ್ಲಿಷಿನ ಎಂಜಿನಿಯರುಗಳು ಇಟ್ಟ ಹೆಸರು ‘ಬಣ್ಣ’ ಎಂಬ ಅರ್ಥದ ಮಾತು. ಮೂಲದಲ್ಲಿ ಇಲ್ಲದ ಬಣ್ಣವನ್ನು ಸ್ಪೀಕರು ದನಿಗೆ ಬಳಿಯುತ್ತದೆ ಎಂದು ಅವರ ಅಭಿಪ್ರಾಯ.

ವ್ಯಾಕರಣವನ್ನು ಓದಿದವರಿಗೆ ಈ ಹೆಸರು ಹೊಸದಾಗಿ ತೋರದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದವು ಹುಟ್ಟುವ ಬಗೆಯನ್ನು ಹೇಳುವಾಗ ಎರಡು ಮಾತು ಸೇರಿಸುತ್ತಾನೆ. ಒಂದು, ನಾಭಿಮೂಲದಿಂದ ಗಾಳಿಯೊಡನೆ ಎದ್ದು ಬರುವ ಆ ಶಬ್ದದ್ರವ್ಯವು ಕಹಳೆಯ ರೀತಿಯಲ್ಲಿ ಹುಟ್ಟುತ್ತದೆ ಎಂಬುದು. ಇನ್ನೊಂದು, ಅದರ ಬಣ್ಣ ಬಿಳುಪು ಎಂಬುದು. ಕಹಳೆಯನ್ನೂ ಬಿಳುಪನ್ನೂ ಒಂದೇ ಉಸುರಿನಲ್ಲಿ ಹೇಳಿದ ಆ ವೈಯಾಕರಣನಿಗೆ ಹಾರ್ನ್ ಸ್ಪೀಕರಿನ ಕಲ್ಪನೆ ಇರಲಿಲ್ಲವೆಂಬುದು ನಿಜ. ಆದರೆ ಹಾರ್ನಿನಿಂದ ನಾವು ಬಯಸುವುದು ಅದನ್ನೇ: ಕಹಳೆ ಇರಲಿ, ಬಿಳುಪೂ ಉಳಿಯಲಿ.

ಈ ಬಣ್ಣ ಏಕೆ ಅಷ್ಟು ಕಿರಿಕಿರಿ ಮಾಡುತ್ತದೆ? ನಮ್ಮ ಬಾಯಿಯೂ ಒಂದು ಹಾರ್ನೇ. ಗಂಟಲಿನಲ್ಲಿ ಹುಟ್ಟುವ ನಾದ ಒಂದೇ. ಬಾಯಿ ಮತ್ತು ಗಂಟಲ ಪೊಳ್ಳಿನ ಆಕಾರವನ್ನು ಬದಲಿಸಿ ನಾವು ಅದನ್ನು ಒಮ್ಮೆ ‘ಆ’ ಮಾಡುತ್ತೇವೆ, ಒಮ್ಮೆ ‘ಈ’ ಮಾಡುತ್ತೇವೆ. ಗಂಡಸಿನ ಕಂಠದ ‘ಆ’ಕಾರದಲ್ಲಿ ಸುಮಾರು 700 ಮತ್ತು 1,100 ಹರ್ಟ್ಸ್‌ಗಳ ಬಳಿ ನಾದ ಉಬ್ಬುತ್ತದೆ. ‘ಈ’ಕಾರದಲ್ಲಿ ಸುಮಾರು 300 ಮತ್ತು 2,200ರ ಬಳಿ. ಈ ಉಬ್ಬುಗಳ ಜಾಗವನ್ನು ಗುರುತಿಸಿಯೇ ಕಿವಿಯು ಸ್ವರವನ್ನು ಅರಿಯುತ್ತದೆ. ಹಾರ್ನು ತನ್ನದೇ ಆದ ಒಂದು ಉಬ್ಬನ್ನು 900ರ ಬಳಿ ಸೇರಿಸಿತೆಂದು ಇಟ್ಟುಕೊಳ್ಳಿ. ಆಗ ಅದರ ಮೂಲಕ ಹಾಯುವ ಪ್ರತಿಯೊಂದು ಅಕ್ಷರಕ್ಕೂ ಹಾರ್ನಿನ ಒಂದು ಸ್ವರ ಅಂಟಿಕೊಳ್ಳುತ್ತದೆ. ಬಾಯಿಗೆ ಎರಡು ಕೈಯನ್ನೂ ದೊನ್ನೆಯಂತೆ ಹಿಡಿದು ಮಾತನಾಡಿ ನೋಡಿ, ಅನುಭವಕ್ಕೆ ಬರುತ್ತದೆ. ವರ್ಣ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಅಕ್ಷರವೆಂಬ ಅರ್ಥವೂ ಬಣ್ಣವೆಂಬ ಅರ್ಥವೂ ಇರುವುದು ಇಲ್ಲಿ ಸಾರ್ಥಕವಾಗುತ್ತದೆ. ಬಣ್ಣ ಕೆಟ್ಟರೆ ಅಕ್ಷರವೇ ಕೆಡುತ್ತದೆ. ದಿವಂಗತರಾದ ಗಾಯಕರ, ಹಿರಿಯರ ದನಿ ನಮಗೆ ಉಳಿದಿರುವುದು ಮುದ್ರಿಕೆಗಳಲ್ಲಿ ಮಾತ್ರ. ಹತ್ತು ಮಂದಿಯ ದನಿಯೂ ಒಬ್ಬನ ದನಿಯಂತೆ ಕೇಳಿದರೆ, ಉಳಿದಿದ್ದನ್ನೂ ಕಳೆದುಕೊಂಡ ಹಾಗೆ.

ದೋಷಪರಿಹಾರಕ್ಕೆ ಮೊದಲು ಹಾರ್ನಿನ ಧರ್ಮವನ್ನು ತಿಳಿಯಬೇಕು. ಸಣ್ಣ ಪರದೆಯೊಂದು ಕಂಪಿಸಿ ಕಂಠದಲ್ಲಿ ಗಾಳಿಯನ್ನು ಒತ್ತುತ್ತದೆ. ಕಂಠದಿಂದ ಬಾಯಿಯವರೆಗೆ ದಾರಿ ಕ್ರಮವಾಗಿ ಅಗಲವಾಗುತ್ತದೆ. ಆದಕಾರಣ ಒತ್ತಡದ ಅಲೆಯು ಗಲಿಬಿಲಿಯಿಲ್ಲದೆ ಹೊರಗಿನ ವಿಸ್ತಾರವಾದ ಗಾಳಿಯನ್ನು ಸೇರುತ್ತದೆ. ಬಹುಪಾಲು ಹಳೆಯ ಹಾರ್ನುಗಳಲ್ಲಿ ಸಮಾನ ದೂರಕ್ಕೆ ದಾರಿಯ ವಿಸ್ತೀರ್ಣ ಇಮ್ಮಡಿಯಾಗುತ್ತ ಹೋಗುತ್ತದೆ. 500 ಹರ್ಟ್ಸ್‌ವರೆಗೆ ಇಳಿಯಬೇಕಾದ ಹಾರ್ನಿನಲ್ಲಿ ಪ್ರತಿ 3.8 ಸೆಂಟಿಮೀಟರಿಗೆ ಒಮ್ಮೆ ಇಮ್ಮಡಿ. 100ರವರೆಗೆ ಇಳಿಯಬೇಕಾದರೆ ಪ್ರತಿ 19 ಸೆಂಟಿಮೀಟರಿಗೆ ಒಮ್ಮೆ. ಬಾಯಿಯ ಸುತ್ತಳತೆಯೋ, ಇಳಿಯಬೇಕಾದ ಕೊನೆಯ ನಾದದ ಅಲೆಯ ಉದ್ದದಷ್ಟಾದರೂ ಇರಬೇಕು. ಒಂದು ಅಂಗುಲದ ಕಂಠದಿಂದ ಹೊರಟು 100 ಹರ್ಟ್ಸ್‌ಗೆ ನ್ಯಾಯ ಸಲ್ಲಿಸಬೇಕಾದ ದುಂಡನೆಯ ಹಾರ್ನು ಎರಡು ಮೀಟರಿಗೂ ಉದ್ದವಾಗಿ, ಒಂದು ಮೀಟರಿಗೂ ಅಗಲವಾದ ಬಾಯಿಯುಳ್ಳದ್ದಾಗಬೇಕೆಂದು ಲೆಕ್ಕ ಹೇಳುತ್ತದೆ. ಇಷ್ಟು ಜಾಗ ಯಾರಲ್ಲಿಯೂ ಇಲ್ಲವಾದ್ದರಿಂದ ತಯಾರಕರು ಹಾರ್ನನ್ನು ಸುರುಳಿ ಸುತ್ತಿದರು, ಮಡಿಸಿದರು, ಮೊಟಕು ಮಾಡಿದರು. ಬಣ್ಣದ ಬಹುಪಾಲು ಈ ರಾಜಿಯಲ್ಲಿ ಹುಟ್ಟಿದ್ದು.

ದೋಷಗಳನ್ನು ಎರಡು ಜಾತಿಯಾಗಿ ವಿಂಗಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ. ದೇವರ ಮನೆಯ ಘಂಟೆಯನ್ನು ಬಾರಿಸಿ ಅಂಗೈಯಿಂದ ಹಿಡಿದರೆ ನಾದ ಕೂಡಲೇ ಅಡಗುತ್ತದೆ. ಏಕೆಂದರೆ ಅಲ್ಲಿ ನುಡಿಯುತ್ತಿದ್ದುದು ಲೋಹ. ಕೊಳಲನ್ನು ಎಷ್ಟು ಬಿಗಿಯಾಗಿ ಹಿಡಿದರೂ ನಾದ ಅಡಗದು. ಏಕೆಂದರೆ ಅಲ್ಲಿ ನುಡಿಯುವುದು ಬಿದಿರಲ್ಲ, ಒಳಗಿನ ಗಾಳಿ. ಹಾರ್ನಿನಲ್ಲಿ ಘಂಟೆಯ ದೋಷವೂ ಉಂಟು, ಕೊಳಲಿನ ದೋಷವೂ ಉಂಟು. ಮೊದಲನೆಯದಕ್ಕೆ ಮದ್ದು ಹಾರ್ನಿನ ಹೊರಮೈಗೆ, ಎರಡನೆಯದಕ್ಕೆ ಒಳಗೂ ಬಾಯಿಗೂ.

ಘಂಟೆಯ ದೋಷವನ್ನು ಮೊದಲು ನೋಡೋಣ. ಆಲ್ಟೆಕ್‌ನ 511 ಮತ್ತು 811 ಎಂಬ ಎರಕದ ಅಲ್ಯುಮಿನಿಯಂ ಹಾರ್ನುಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಬೆರಳ ಗೆಣ್ಣಿನಿಂದ ತಟ್ಟಿದರೆ ತಾಳದ ಬಟ್ಟಲಿನಂತೆ ‘ಟಿಣ್’ ಎನ್ನುತ್ತವೆ. ಇದು ಹಳೆಯ ತಯಾರಕರಿಗೂ ತಿಳಿಯದ ಸಂಗತಿಯಲ್ಲ. ಅನೇಕ ಗೂಡುಗಳನ್ನು ಜೋಡಿಸಿ ಮಾಡಿದ ದೊಡ್ಡ ಹಾರ್ನುಗಳಲ್ಲಿ ಗೂಡುಗಳ ನಡುವಿನ ಸಂದುಗಳಿಗೆ ಅವರೇ ಟಾರಿನಂಥ ಪದಾರ್ಥವನ್ನು ತುಂಬುತ್ತಿದ್ದರು. ಇಂಗ್ಲೆಂಡಿನ ಇ.ಎಂ.ಜಿ. ಗ್ರಾಮಫೋನಿನವರು ಲೋಹವನ್ನೇ ಬಿಟ್ಟು, ಕಾಗದವನ್ನು ಪದರಪದರವಾಗಿ ಅಂಟಿಸಿ ದೊಡ್ಡ ಹಾರ್ನುಗಳನ್ನು ಮಾಡಿದರು. ನಮ್ಮ ಹಳ್ಳಿಯ ಹೆಂಗಸರು ಕಾಗದದ ತಿರುಳಿಗೆ ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿ ಮಾಡುವುದುಂಟಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಕಾಗದದ ಬುಟ್ಟಿಯನ್ನು ತಟ್ಟಿದರೆ ‘ದಪ್’ ಎನ್ನುತ್ತದೆಯೇ ಹೊರತು ‘ಟಿಣ್’ ಎನ್ನುವುದಿಲ್ಲ.

ಲೋಹದ ಹಾರ್ನನ್ನು ‘ದಪ್’ ಎನ್ನಿಸುವುದಕ್ಕೆ ಮೊದಲು ಮಕ್ಕಳು ಆಡುವ ಪ್ಲಾಸ್ಟಿಸೀನ್ ಜೇಡಿಯನ್ನು ತನ್ನಿ. ಹಾರ್ನಿನ ಹೊರಮೈಯಲ್ಲಿ ಚಪ್ಪಟೆಯಾದ, ಅಗಲವಾದ ಭಾಗಗಳ ನಡುವೆ ಅರ್ಧ ಅಂಗುಲ ದಪ್ಪಕ್ಕೆ ಒತ್ತಿ. ಲೋಹ ಹೆಚ್ಚು ಕುಣಿಯುವುದು ಅಲ್ಲಿಯೇ. ಕಂಠದ ಬಳಿ ಎರಕ ದಪ್ಪವಾಗಿರುವುದರಿಂದ ಅಲ್ಲಿ ಬೇಕಾಗುವುದಿಲ್ಲ. ತಟ್ಟಿ ನೋಡಿ, ಕೇಳಿ ನೋಡಿ. ಗುಣ ಕಂಡರೆ ಜೇಡಿಯನ್ನು ತೆಗೆದು, ಕಾರಿನ ಬಾಗಿಲಿನ ಒಳಬದಿಗೆ ಅಂಟಿಸುವ ಟಾರಿನ ಹಾಳೆ ಅಥವಾ ಮೇಲೆ ತಗಡಿನ ಪೊರೆಯಿರುವ ಬ್ಯುಟೈಲ್ ರಬ್ಬರಿನ ಹಾಳೆಯನ್ನು ಅದೇ ಜಾಗಗಳಲ್ಲಿ ಅಂಟಿಸಬಹುದು. ಎರಡನೆಯದು ಹೆಚ್ಚು ಫಲಕಾರಿ. ಲೋಹ ಬಾಗುವಾಗ ನಡುವಿನ ರಬ್ಬರು ಎರಡು ತಗಡುಗಳ ಮಧ್ಯೆ ಸಿಕ್ಕಿ ಎಳೆದಾಡುತ್ತದೆ, ಕಂಪನದ ಶಕ್ತಿ ಆ ಉಜ್ಜಾಟದಲ್ಲಿ ಶಾಖವಾಗಿ ಹೋಗುತ್ತದೆ. ಹಾರ್ನಿನ ಸುತ್ತ ಮರದ ಪೆಟ್ಟಿಗೆ ಕಟ್ಟಿ ಒಣ ಮರಳು ತುಂಬುವವರೂ ಇದ್ದಾರೆ. ಸೀಸದ ಹಾಳೆಯನ್ನು ಹಿಂದೆ ಬಳಸುತ್ತಿದ್ದರು. ಸೀಸ ವಿಷವಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಅದು ಬೇಡ.

ಇಲ್ಲಿ ಒಂದು ಎಚ್ಚರಿಕೆ. ಬೆರಳಿನ ಪೆಟ್ಟಿಗೆ ಲೋಹ ಎಷ್ಟು ನುಡಿಯುತ್ತದೆಯೋ ಸಂಗೀತಕ್ಕೆ ಅಷ್ಟು ನುಡಿಯುವುದಿಲ್ಲ. ಗಟ್ಟಿಯಾದ ಗೆಣ್ಣು ಬೇರೆ, ಮೆತ್ತನೆಯ ಗಾಳಿ ಬೇರೆ. ಹಲವರು ಹಾರ್ನಿಗೆ ಹಾಳೆ ಸುತ್ತಿ, ತಟ್ಟಿದರೆ ಸದ್ದಿಲ್ಲವೆಂದು ಸಂತೋಷಪಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ. ಜೇಡಿ ಹಚ್ಚಿದ ಮೇಲೂ ಮಾತು ಕೊಳವೆಯಿಂದ ಬಂದಂತೆಯೇ ಇದ್ದರೆ, ಉಳಿದಿರುವುದು ಕೊಳಲಿನ ದೋಷ. ಸಾಮಾನ್ಯವಾಗಿ ದೊಡ್ಡ ಪಾಲು ಅದರದೇ.

ಅದು ಹುಟ್ಟುವ ಮೊದಲ ಸ್ಥಾನ ಬಾಯಿ. ಅಲೆಯು ಹಾರ್ನಿನ ಅಂಚನ್ನು ಮುಟ್ಟಿದಾಗ ಗೋಡೆ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಆ ಹಠಾತ್ ಬದಲಾವಣೆಯಿಂದ ಅಲೆಯ ಒಂದು ಭಾಗ ಹಿಂದಕ್ಕೆ ಚಿಮ್ಮಿ ಕಂಠದವರೆಗೆ ಹೋಗಿ ಮರಳುತ್ತದೆ. ಕೆಲವು ನಾದಗಳಲ್ಲಿ ಹೋಗುವ ಅಲೆಯೂ ಮರಳುವ ಅಲೆಯೂ ಕೂಡಿ ಉಬ್ಬುತ್ತವೆ, ಕೆಲವುಗಳಲ್ಲಿ ಒಂದನ್ನೊಂದು ನುಂಗುತ್ತವೆ. ಬಾಯಿ ಚಿಕ್ಕದಾದಷ್ಟೂ, ನಾದ ಕೆಳಗಿನದಾದಷ್ಟೂ ಈ ಕಾಟ ಹೆಚ್ಚು. ಮದ್ದು ಎರಡು ಬಗೆ. ಮೊದಲನೆಯದು, ಹಾರ್ನನ್ನು ಬರಿದೇ ಪೆಟ್ಟಿಗೆಯ ಮೇಲೆ ಇಡದೆ ಅಗಲವಾದ ಹಲಗೆಯಲ್ಲಿ ಕೂರಿಸಿ, ಹಾರ್ನಿನ ಅಂಚೂ ಹಲಗೆಯ ಮೈಯೂ ಒಂದೇ ಸಮವಾಗುವಂತೆ ಮಾಡುವುದು. ಹಲಗೆಯ ಹೊರ ಅಂಚುಗಳನ್ನು ದುಂಡಗೆ ಕೆತ್ತಬೇಕು. ಆ ದುಂಡು ಅಲೆಯ ಗಾತ್ರಕ್ಕೆ ತಕ್ಕಂತಿರಬೇಕು. 3,400 ಹರ್ಟ್ಸ್‌ನ ಅಲೆ 10 ಸೆಂಟಿಮೀಟರು, 700ರದು ಸುಮಾರು 49. ಆದ್ದರಿಂದ ಒಂದು ಅಂಗುಲದ ದುಂಡು ಮೇಲಿನ ನಾದಗಳಿಗೆ ಉಪಕಾರಿಯಾದರೂ ಕೆಳಗಿನವುಗಳಿಗೆ ಸಾಲದು. ಬಾಯಿಯ ಸುತ್ತ ದಪ್ಪನೆಯ ಉಣ್ಣೆಯ ಫೆಲ್ಟನ್ನು ಅಂಟಿಸುವುದೂ ಮೇಲಿನ ನಾದಗಳಿಗೆ ಒಳ್ಳೆಯದು. ಅಮೆರಿಕದ ಡಿ.ಬಿ. ಕೀಲ್ ಎಂಬುವರು 1975ರ ತಮ್ಮ ಪ್ರಬಂಧದಲ್ಲಿ ಹಳೆಯ ಇಮ್ಮಡಿ ಸೂತ್ರವೇ ಪರಮವೆಂಬ ನಂಬಿಕೆಯನ್ನು ಪ್ರಶ್ನಿಸಿ, ಬಾಯಿಯ ಕೊನೆಯ ಭಾಗವನ್ನು ಇನ್ನಷ್ಟು ಅರಳಿಸುವ ಕ್ರಮವನ್ನು ಮುಂದಿಟ್ಟರು. ಹಲಗೆಯೂ ದುಂಡಂಚೂ ಹಳೆಯ ಹಾರ್ನಿಗೆ ಅಂಥ ಅರಳಿಕೆಯನ್ನು ಹೊರಗಿನಿಂದ ಕೊಡುವ ಪ್ರಯತ್ನ.

ಎರಡನೆಯ ಮದ್ದು ಇನ್ನೂ ಸುಲಭ: ಹಾರ್ನಿನಿಂದ ಅದರ ಶಕ್ತಿಗೆ ಮೀರಿದ ಕೆಲಸವನ್ನು ಕೇಳದಿರುವುದು. ಪ್ರತಿಯೊಂದು ಹಾರ್ನಿಗೂ ಇಳಿಯುವ ಎಲ್ಲೆಯಿದೆ. ಎಲ್ಲೆಯ ಹತ್ತಿರದಲ್ಲಿ ಅದು ಅತ್ಯಂತ ಬಣ್ಣಗೇಡಿ. 500ರಿಂದ ಮೇಲಕ್ಕೆ ನುಡಿಸುತ್ತಿದ್ದ ಹಾರ್ನನ್ನು 700ರಿಂದ ಅಥವಾ 800ರಿಂದ ನುಡಿಸಿದರೆ ಎಷ್ಟೋ ದೋಷ ತಾನಾಗಿ ಹೋಗುತ್ತದೆ. ಆದರೆ ಇದಕ್ಕೂ ಮಿತಿಯುಂಟು. ಕೆಳಗಿನ ನಾದವನ್ನು ನುಡಿಸುವ 15 ಅಂಗುಲದ ಶಂಕು ಸುಮಾರು 900ರ ಮೇಲೆ ದನಿಯನ್ನು ಎಲ್ಲ ದಿಕ್ಕಿಗೂ ಹಂಚದೆ ದೀಪದ ಕೋಲಿನಂತೆ ನೇರಕ್ಕೆ ಮಾತ್ರ ಎಸೆಯತೊಡಗುತ್ತದೆ. ಹಾಗಾಗಿ ಇಬ್ಬರಿಗೂ ಒಪ್ಪುವ ಎಲ್ಲೆಯನ್ನು ಹುಡುಕಬೇಕು.

ಕೊಳಲಿನ ದೋಷದ ಇನ್ನೊಂದು ಸ್ಥಾನ ಕಂಠ. ಡ್ರೈವರು ಹಾರ್ನಿಗೆ ಕೂಡುವ ಸಂದಿನಲ್ಲಿ ಗ್ಯಾಸ್ಕೆಟ್ಟಿನ ಅಂಚು ಒಳಗೆ ಚಾಚಿಕೊಂಡಿರುವುದು, ಎರಕದ ಮುಳ್ಳು ಉಳಿದಿರುವುದು, ಎರಡು ರಂಧ್ರಗಳ ಅಳತೆಯಲ್ಲಿ ಮೆಟ್ಟಿಲು ಬಿದ್ದಿರುವುದು ಹಳೆಯ ಹಾರ್ನುಗಳಲ್ಲಿ ಸಾಮಾನ್ಯ. 10,000 ಹರ್ಟ್ಸ್‌ನ ಅಲೆಯ ಉದ್ದ 3.4 ಸೆಂಟಿಮೀಟರು ಮಾತ್ರ. ಅದಕ್ಕೆ ಕೆಲವು ಮಿಲಿಮೀಟರಿನ ಮೆಟ್ಟಿಲೂ ಎಡವುಗಲ್ಲು. ತೆಳ್ಳನೆಯ ರಟ್ಟಿನಿಂದ ಸರಿಯಾದ ಅಳತೆಗೆ ಹೊಸ ಗ್ಯಾಸ್ಕೆಟ್ಟನ್ನು ಕತ್ತರಿಸಿ ಕೂರಿಸಿದರೆ ಖರ್ಚಿಲ್ಲದೆ ಗುಣ ಸಿಗುತ್ತದೆ. ಮುಳ್ಳನ್ನು ಉಜ್ಜುವಾಗ ಡ್ರೈವರನ್ನು ಬಿಚ್ಚಿ ಬೇರೆ ಕೋಣೆಯಲ್ಲಿ ಇಡತಕ್ಕದ್ದು. ಕಬ್ಬಿಣದ ಪುಡಿಯ ಒಂದು ಕಣ ಅಯಸ್ಕಾಂತದ ಸಂದಿಗೆ ಸೇರಿದರೂ ದನಿ ಗರಗರ ಎನ್ನುತ್ತದೆ. ಅಯಸ್ಕಾಂತದ ಭಾಗವನ್ನಂತೂ ಬಿಚ್ಚಲೇಬಾರದು. ಹಳೆಯ ಅಲ್ನಿಕೊ ಅಯಸ್ಕಾಂತವನ್ನು ಅದರ ಕವಚದಿಂದ ಬೇರ್ಪಡಿಸಿದರೆ ಶಕ್ತಿ ಕುಂದುತ್ತದೆ.

ಹಾರ್ನಿನ ಒಳಗೆ ಅಲೆಗಳೆಲ್ಲ ನೇರವಾಗಿ ಹೋಗುವುದಿಲ್ಲ. ಕೆಲವು ಗೋಡೆಯಿಂದ ಗೋಡೆಗೆ ಚಿಮ್ಮುತ್ತ ತಡವಾಗಿ ಹೊರಬರುತ್ತವೆ. ಮೆರವಣಿಗೆಯಲ್ಲಿ ಬೀದಿಯ ಅಂಚನ್ನು ಬಳಸುತ್ತ ಬರುವವರ ಹಾಗೆ. ಅಮೆರಿಕದ ಅರ್ಲ್ ಗೆಡ್ಡೆಸ್ ಎಂಬ ಧ್ವನಿಶಾಸ್ತ್ರಜ್ಞರು 1989ರಿಂದ ಈ ವಿಷಯವನ್ನು ಬೆಳೆಸಿ, ಮುಂದೆ ಒಂದು ಸರಳ ಉಪಾಯವನ್ನು ಬಳಕೆಗೆ ತಂದರು: ದೊಡ್ಡ ತೂತುಗಳುಳ್ಳ ಸ್ಪಂಜನ್ನು ಹಾರ್ನಿನ ಆಕಾರಕ್ಕೆ ಕೊರೆದು ಒಳಗೆ ತುಂಬುವುದು. ನೇರವಾಗಿ ಬರುವ ಅಲೆ ಸ್ಪಂಜಿನಲ್ಲಿ ಕಡಿಮೆ ದೂರ ಸಾಗುತ್ತದೆ, ಸುತ್ತಿ ಬರುವುದು ಹೆಚ್ಚು ದೂರ ಸಾಗುತ್ತದೆ. ಹಾಗಾಗಿ ತುಂಟ ಅಲೆಗೇ ಹೆಚ್ಚು ಶಿಕ್ಷೆ. ತುಸು ಮೇಲಿನ ನಾದವೂ ಇದರಲ್ಲಿ ಹೋಗುತ್ತದೆ. ಅದನ್ನು ಆಂಪ್ಲಿಫೈಯರಿನಲ್ಲಿ ತುಂಬಿಕೊಳ್ಳಬಹುದು. ಹಾಸಿಗೆಯ ಸಣ್ಣ ತೂತಿನ ಸ್ಪಂಜು ಇದಕ್ಕೆ ಬಾರದು, ಅದು ಎಲ್ಲವನ್ನೂ ನುಂಗುತ್ತದೆ. ಗಾಳಿ ಸಲೀಸಾಗಿ ಹಾಯುವ, ಬಲೆಯಂಥ ಸ್ಪಂಜೇ ಬೇಕು.

ಇನ್ನು ಕೆಲವು ದೋಷಗಳನ್ನು ಹಾರ್ನಿನ ಮೇಲೆ ವೃಥಾ ಹೊರಿಸಲಾಗುತ್ತದೆ. ಹಾರ್ನಿನ ಡ್ರೈವರು ಕೆಳನಾದದ ಸ್ಪೀಕರಿಗಿಂತ ಹಲವು ಡೆಸಿಬೆಲ್ ಜೋರು. ಅದನ್ನು ತಗ್ಗಿಸದೆ ಬಿಟ್ಟರೆ ಕಿರಿಚುತ್ತದೆ. ನಾದವನ್ನು ಮೇಲು-ಕೆಳಗು ಎಂದು ಹಂಚುವ ಕ್ರಾಸೋವರಿನಲ್ಲಿ ದಶಕಗಳ ಹಿಂದಿನ ಕೆಪಾಸಿಟರುಗಳು ಅಳತೆ ತಪ್ಪಿರಬಹುದು. ಅವನ್ನು ಮೊದಲು ಬದಲಿಸಬೇಕು. ಎರಡು ಘಟಕಗಳು ಕೇಳುವವನಿಂದ ಒಂದೇ ದೂರದಲ್ಲಿ ಇರಬೇಕೆಂಬುದೂ ಮುಖ್ಯ. 800 ಹರ್ಟ್ಸ್‌ನಲ್ಲಿ ಒಂದು ಘಟಕ ಇನ್ನೊಂದಕ್ಕಿಂತ 21 ಸೆಂಟಿಮೀಟರು ಹಿಂದಿದ್ದರೆ ಎರಡರ ದನಿಯೂ ಪರಸ್ಪರ ಕತ್ತರಿಸಿಕೊಳ್ಳುತ್ತದೆ. ಹಾರ್ನು ಪೆಟ್ಟಿಗೆಯ ಮೇಲೆ ಬಿಡಿಯಾಗಿದ್ದರೆ ಅದನ್ನು ಅಂಗುಲ ಅಂಗುಲವಾಗಿ ಹಿಂದೆ ಮುಂದೆ ಸರಿಸುತ್ತ, ಮಾತು ತುಂಬಿಕೊಂಡು ಕೇಳುವ ಜಾಗದಲ್ಲಿ ನಿಲ್ಲಿಸಬಹುದು. ಕೆಲಸಕ್ಕೆ ಮುಂಚೆ ಆಂಪ್ಲಿಫೈಯರಿನ ವಿದ್ಯುತ್ತನ್ನು ತೆಗೆಯುವುದನ್ನು ಮರೆಯಬಾರದು. ವಾಲ್ವಿನ ಆಂಪ್ಲಿಫೈಯರೊಳಗೆ ಸ್ವಿಚ್ಚು ಆರಿಸಿದ ಮೇಲೂ ಅಪಾಯಕರ ವೋಲ್ಟೇಜು ಉಳಿದಿರುವುದುಂಟು. ಅದರ ಒಳಭಾಗವನ್ನು ಬಲ್ಲವರಿಗೇ ಬಿಡುವುದು ಲೇಸು.

ಪರೀಕ್ಷೆಯ ಕ್ರಮ ಹೇಗೆ? ಈಗ ಸಣ್ಣ ಮೈಕನ್ನೂ ಗಣಕಯಂತ್ರವನ್ನೂ ಹಿಡಿದು ಉಬ್ಬುತಗ್ಗುಗಳನ್ನು ಚಿತ್ರವಾಗಿ ನೋಡಬಹುದು. ಅನುಕೂಲವಿದ್ದವರು ಹಾಗೆ ಮಾಡಲಿ. ಇಲ್ಲದವರಿಗೆ ರೇಡಿಯೋವಿನ ಮಾತೇ ಒರೆಗಲ್ಲು. ಸಂಗೀತದಲ್ಲಿ ವಾದ್ಯದ ಸ್ವಂತ ಬಣ್ಣ ಯಾವುದು, ಹಾರ್ನು ಬಳಿದದ್ದು ಯಾವುದು ಎಂದು ತಿಳಿಯುವುದು ಕಷ್ಟ. ಮನುಷ್ಯನ ಮಾತನ್ನು ಮಾತ್ರ ನಾವು ಹುಟ್ಟಿದಂದಿನಿಂದ ಕೇಳಿದ್ದೇವೆ. ವಾರ್ತೆ ಓದುವ ಒಬ್ಬ ಗಂಡಸಿನ ಮತ್ತು ಒಬ್ಬ ಹೆಂಗಸಿನ ದನಿಯನ್ನು ಮೆಲ್ಲಗೆ, ಕೋಣೆಯಲ್ಲಿ ಎದುರು ಕುಳಿತು ಮಾತಾಡುವಷ್ಟೇ ಪ್ರಮಾಣದಲ್ಲಿ ಕೇಳಿ. ‘ಆ’ಕಾರ ‘ಓ’ಕಾರದತ್ತ ಜಾರುತ್ತಿದೆಯೇ? ‘ಸ’ಕಾರ ‘ಶ’ಕಾರಗಳು ಬೇರೆಬೇರೆಯಾಗಿ ನಿಲ್ಲುತ್ತವೆಯೇ, ಎರಡೂ ಒಂದೇ ಸೀಟಿಯಾಗುತ್ತವೆಯೇ? ‘ಮ’, ‘ನ’, ‘ಣ’ಗಳು ಮೂಗಿನಲ್ಲಿ ಹುಟ್ಟುತ್ತಿವೆಯೇ, ತಗಡಿನಲ್ಲಿಯೇ? ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಎರಡು ಸ್ಪೀಕರುಗಳಿದ್ದರೆ ಒಂದನ್ನು ತಿದ್ದಿ, ಇನ್ನೊಂದನ್ನು ಹಾಗೆಯೇ ಇಟ್ಟು ಹೋಲಿಸಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಹೊಸದೆಲ್ಲವೂ ಮೊದಲ ದಿನ ಚೆನ್ನಾಗಿಯೇ ಕೇಳುತ್ತದೆ.

ಎಷ್ಟು ತಿದ್ದಬೇಕು ಎಂಬುದು ಕೊನೆಯ ಪ್ರಶ್ನೆ. ಇದಕ್ಕೆ ಹಳೆಯ ಓಲೆಗರಿಯ ಗ್ರಂಥವನ್ನು ಸಂಪಾದಿಸುವವರ ನಡತೆ ಒಳ್ಳೆಯ ಮಾದರಿ. ಲಿಪಿಕಾರನ ಕೈತಪ್ಪನ್ನು ಸಂಪಾದಕನು ತಿದ್ದುತ್ತಾನೆ, ಕವಿಯ ಮಾತನ್ನು ತಿದ್ದುವುದಿಲ್ಲ. ತಿದ್ದಿದ್ದನ್ನೂ ಓಲೆಯ ಮೇಲೆಯೇ ಗೀಚುವುದಿಲ್ಲ, ಮೂಲ ಪಾಠವನ್ನು ಅಡಿಯಲ್ಲಿ ಕಾಣಿಸಿ ಮುಂದಿನವರಿಗೆ ಉಳಿಸುತ್ತಾನೆ. ಹಾರ್ನಿಗೂ ಅದೇ ಮರ್ಯಾದೆ ಸಲ್ಲಬೇಕು. ಕತ್ತರಿಸುವುದು, ಕೊರೆಯುವುದು ಮತ್ತೆ ಬಾರದ ಕೆಲಸಗಳು. ಜೇಡಿ, ಹಾಳೆ, ಫೆಲ್ಟು, ಸ್ಪಂಜು, ಹಲಗೆ ಎಲ್ಲವೂ ಬೇಡವೆಂದಾಗ ತೆಗೆಯಬಹುದಾದವು. ಬಿಚ್ಚಿದ ಹಳೆಯ ಕೆಪಾಸಿಟರನ್ನೂ ಗ್ಯಾಸ್ಕೆಟ್ಟನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ, ತೆಗೆದ ದಿನಾಂಕ ಬರೆದು ಪೆಟ್ಟಿಗೆಯೊಳಗೇ ಇಡಿ. ಸ್ಪಂಜನ್ನೂ ಫೆಲ್ಟನ್ನೂ ಮಿತಿಮೀರಿ ತುರುಕಿದರೆ ಬಣ್ಣದೊಂದಿಗೆ ಜೀವವೂ ಹೋಗುತ್ತದೆ. ಆಗ ಅದು ಕಾಗದದ ಶಂಕುವಿಗಿಂತ ಕೀಳಾದ ಒಂದು ಭಾರವಾದ ವಸ್ತು. ಉದ್ದೇಶ ಹಾರ್ನನ್ನು ಬೇರೊಂದಾಗಿ ಮಾಡುವುದಲ್ಲ. ವಾರ್ತೆ ಓದುವವರು ಬದಲಾದಾಗ, ಹೆಸರು ಹೇಳುವುದಕ್ಕೆ ಮುಂಚೆಯೇ, ಅಡಿಗೆಮನೆಯಲ್ಲಿದ್ದವರಿಗೂ ಇವರು ಯಾರೆಂದು ದನಿಯಿಂದಲೇ ಗೊತ್ತಾದರೆ, ತಿದ್ದುವುದನ್ನು ಅಲ್ಲಿಗೆ ನಿಲ್ಲಿಸಬಹುದು.